ಆಖ್ಯಾತ, ಧಾತು, ಕ್ರಿಯಾಪದ: ಒಂದು ಪರಿಭಾಷಾವಿಚಾರ

‘ಕ್ರಿಯೆಯನ್ನು ಸೂಚಿಸುವ ಪದವೇ ಕ್ರಿಯಾಪದ’ ಎಂಬ ವಿವರಣೆ ವ್ಯಾಕರಣ ಬೋಧನೆಯಲ್ಲಿ ರೂಢವಾಗಿದೆ. ‘ಓಡಿದನು’, ‘ಬರೆದಳು’ ಎಂಬಲ್ಲಿ ಈ ಮಾತು ಸಲ್ಲುತ್ತದೆ. ಆದರೆ ‘ಓಟ’ ಎಂಬುದೂ ಕ್ರಿಯೆಯನ್ನೇ ಸೂಚಿಸುತ್ತದೆ, ಅದು ನಾಮಪದ. ‘ಅಜ್ಜಿ ಮನೆಯಲ್ಲಿ ಇದ್ದಾಳೆ’ ಎಂಬಲ್ಲಿನ ‘ಇದ್ದಾಳೆ’ ಯಾವ ಚಟುವಟಿಕೆಯನ್ನೂ ಹೇಳುವುದಿಲ್ಲ. ಆದರೂ ಅದು ಕ್ರಿಯಾಪದ. ಈ ತೊಡಕಿನ ಮೂಲವನ್ನು ತಿಳಿಯಲು ಪಾರಿಭಾಷಿಕ ಪದಗಳ ಹುಟ್ಟನ್ನು ಪರಿಶೀಲಿಸುವುದು ಅಗತ್ಯ.

‘ಕ್ರಿಯಾ’ ಎಂಬುದು ‘ಮಾಡು’ ಎಂಬರ್ಥದ ‘ಕೃ’ ಧಾತುವಿನಿಂದ ಬಂದಿದೆ. ಇದಕ್ಕೆ ಪರ್ಯಾಯವೆಂದು ಬಳಸಲಾಗುವ ‘ಆಖ್ಯಾತ’ದ ಮೂಲ ಬೇರೆ. ‘ಆ’ ಉಪಸರ್ಗದೊಡನೆ ‘ಖ್ಯಾ’ ಧಾತು ಸೇರಿ ‘ಹೇಳಲ್ಪಟ್ಟದ್ದು’ ಎಂಬರ್ಥವನ್ನು ಕೊಡುತ್ತದೆ. ಒಂದು ಹೆಸರು ಮಾಡುವಿಕೆಯತ್ತ, ಇನ್ನೊಂದು ಹೇಳುವಿಕೆಯತ್ತ ಬೆರಳು ತೋರುತ್ತದೆ. ಪಾಶ್ಚಾತ್ಯ ಪರಂಪರೆಯಲ್ಲೂ ಇಂಥದೇ ನೆಲೆಯೊಂದಿದೆ: ಗ್ರೀಕಿನ ‘ರ‍್ಹೇಮ’ ಎಂದರೆ ಹೇಳಿದ್ದು; ‘ವರ್ಬ್’ ಎಂಬುದರ ಮೂಲವಾದ ಲ್ಯಾಟಿನ್ನಿನ ‘ವೆರ್ಬುಮ್’ ಎಂದರೆ ಮಾತು.

ಯಾಸ್ಕನ ‘ನಿರುಕ್ತ’ವು ಪದಗಳನ್ನು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ನಾಮದಲ್ಲಿ ಸತ್ತ್ವವೂ ಆಖ್ಯಾತದಲ್ಲಿ ಭಾವವೂ ಪ್ರಧಾನ. ಹಿಂದುಮುಂದಿನ ಕ್ರಮವುಳ್ಳದ್ದಾಗಿ ತೋರುವ ಭಾವವನ್ನು ಆಖ್ಯಾತವು ಹೇಳುತ್ತದೆ. ಅದೇ ಭಾವವು ಇಡಿಯಾದ ವಸ್ತುವಿನಂತೆ ಗೃಹೀತವಾದಾಗ ನಾಮವಾಗುತ್ತದೆ. ‘ಓಡಿದನು’ ಮತ್ತು ‘ಓಟ’ಗಳ ಭೇದಕ್ಕೆ ಇಲ್ಲಿ ಸಮಾಧಾನ ದೊರೆಯುತ್ತದೆ. ವಾರ್ಷ್ಯಾಯಣಿಯ ಮತವೆಂದು ಯಾಸ್ಕನು ಹೇಳುವ ಆರು ಭಾವವಿಕಾರಗಳಲ್ಲಿ ಹುಟ್ಟುವುದು, ಮಾರ್ಪಡುವುದು, ಬೆಳೆಯುವುದು, ಕುಗ್ಗುವುದು, ಅಳಿಯುವುದರ ಜೊತೆಗೆ ‘ಇರುವುದು’ ಕೂಡ ಸೇರಿದೆ. ಹೀಗೆ ‘ಭಾವ’ವು ಚಟುವಟಿಕೆಗಿಂತ ವ್ಯಾಪಕವಾದುದು. ಪಾಣಿನಿಯಾದರೋ ಅರ್ಥವನ್ನು ಬಿಟ್ಟು ರೂಪವನ್ನು ಆಧರಿಸಿ, ತಿಙ್ ಪ್ರತ್ಯಯಾಂತವಾದುದನ್ನು ಒಂದು ಬಗೆಯ ಪದವೆಂದು ಗುರುತಿಸುತ್ತಾನೆ.

ಕನ್ನಡ ವೈಯಾಕರಣರು ಈ ಪರಿಭಾಷೆಯನ್ನು ಸ್ವೀಕರಿಸಿದರು. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತ ಮತ್ತು ಧಾತುಗಳಿಗೆ ಪ್ರತ್ಯೇಕ ಪ್ರಕರಣಗಳಿವೆ. ಕ್ರಿಯಾರ್ಥಕ್ಕೆ ಮೂಲವಾಗಿದ್ದು ಪ್ರತ್ಯಯ ಸೇರದಿರುವುದು ಧಾತು. ಅದು ಸಹಜ, ಪ್ರತ್ಯಯಾಂತ ಎಂದು ಎರಡು ಬಗೆ. ಧಾತುವಿಗೆ ಕಾಲಸೂಚಕವೂ ಅಮ್, ಅರ್, ಅಯ್, ಇರ್, ಎನ್, ಎವು ಎಂಬ ಆಖ್ಯಾತವಿಭಕ್ತಿಗಳೂ ಸೇರಿ ಕ್ರಿಯಾಪದ ಸಿದ್ಧವಾಗುತ್ತದೆ. ಹೆಸರು ಸಂಸ್ಕೃತದ್ದಾದರೂ ವಸ್ತು ಕನ್ನಡದ್ದು. ಸಂಸ್ಕೃತದ ತಿಙಂತದಲ್ಲಿ ಲಿಂಗಭೇದವಿಲ್ಲ. ಕನ್ನಡದಲ್ಲಿ ‘ಮಾಡಿದನು, ಮಾಡಿದಳು, ಮಾಡಿತು’ ಎಂಬ ಭೇದವಿದೆ. ‘ಮಾಡೆನು’ ಎಂಬ ನಿಷೇಧರೂಪದಲ್ಲಿ ಕಾಲಸೂಚಕವೇ ಇಲ್ಲ.

ಆಧುನಿಕ ಕಾಲದಲ್ಲಿ ‘ವರ್ಬ್’ ಎಂಬುದಕ್ಕೆ ‘ಕ್ರಿಯಾಪದ’ವನ್ನು ಸಂವಾದಿಯಾಗಿ ಬಳಸಿದಾಗ ಗೊಂದಲ ಹೆಚ್ಚಿತು. ‘ಹಾಡುತ್ತ ಬಂದ ಹುಡುಗಿ ಕುಳಿತಳು’ ಎಂಬ ವಾಕ್ಯದಲ್ಲಿ ಸಾಂಪ್ರದಾಯಿಕ ವ್ಯಾಕರಣದಂತೆ ಕ್ರಿಯಾಪದ ಒಂದೇ, ‘ಕುಳಿತಳು’. ‘ಹಾಡುತ್ತ’ ಕೃದಂತಾವ್ಯಯ, ‘ಬಂದ’ ಕೃದಂತ. ಭಾಷಾವಿಜ್ಞಾನದ ದೃಷ್ಟಿಯಲ್ಲಿ ಮೂರೂ ಅದೇ ವರ್ಗದ ರೂಪಗಳು. ನಿಘಂಟುಗಳಲ್ಲಿ ಧಾತುವಿನ ಮುಂದೆಯೇ ‘ಕ್ರಿ’ ಎಂದು ಗುರುತಿಸುವ ಪದ್ಧತಿಯೂ ಇರುವುದರಿಂದ, ಧಾತು, ಪದವರ್ಗ, ವಾಕ್ಯವನ್ನು ಪೂರ್ಣಗೊಳಿಸುವ ರೂಪ ಎಂಬ ಮೂರು ಬೇರೆ ಪರಿಕಲ್ಪನೆಗಳು ಒಂದೇ ಹೆಸರಿನಡಿ ಬಂದಿವೆ. ಡಿ. ಎನ್. ಶಂಕರ ಭಟ್ಟರು ‘ಎಸಕಪದ’ ಎಂಬ ಪರ್ಯಾಯವನ್ನು ಬಳಸಿದರು. ‘ಎಸಕ’ವೆಂದರೂ ಕಾರ್ಯವೇ ಆದುದರಿಂದ ಹೆಸರಿನ ಬದಲಾವಣೆಯಷ್ಟರಿಂದಲೇ ಅರ್ಥಮೂಲವಾದ ತೊಡಕು ನೀಗದು; ವರ್ಗವನ್ನು ಗುರುತಿಸುವ ಒರೆಗಲ್ಲೂ ಸ್ಪಷ್ಟವಾಗಬೇಕು.

ರೂಪವನ್ನೇ ಒರೆಗಲ್ಲಾಗಿಸಿದರೂ ಎಲ್ಲವೂ ಬಗೆಹರಿಯುವುದಿಲ್ಲ. ‘ಬೇಕು’, ‘ಬೇಡ’, ‘ಉಂಟು’, ‘ಅಲ್ಲ’ ಎಂಬವು ಪುರುಷಪ್ರತ್ಯಯಗಳನ್ನು ತಾಳದೆಯೇ ವಾಕ್ಯವನ್ನು ಮುಗಿಸುತ್ತವೆ. ಇವುಗಳನ್ನು ಶಾಲಾವ್ಯಾಕರಣಗಳು ಕ್ರಿಯಾರ್ಥಕಾವ್ಯಯಗಳೆಂದು ಬೇರೆಯಾಗಿ ಇರಿಸಿರುವುದು ಅರ್ಥ ಮತ್ತು ರೂಪಗಳ ನಡುವಣ ಈ ಬಿರುಕಿನಿಂದಲೇ.

ಆದ್ದರಿಂದ ಬೋಧನೆಯಲ್ಲಿ ಮೂಲರೂಪಕ್ಕೆ ‘ಧಾತು’, ಪೂರ್ಣರೂಪಕ್ಕೆ ‘ಆಖ್ಯಾತ’ ಅಥವಾ ‘ಕ್ರಿಯಾಪದ’, ಅಪೂರ್ಣರೂಪಗಳಿಗೆ ‘ಕೃದಂತ’ ಎಂಬ ಹಳೆಯ ವಿವೇಕವನ್ನು ಉಳಿಸಿಕೊಳ್ಳುವುದು ಯುಕ್ತ. ‘ಈ ಪದ ಯಾವ ಕೆಲಸವನ್ನು ಸೂಚಿಸುತ್ತದೆ?’ ಎಂಬ ಪ್ರಶ್ನೆಗೆ ಬದಲಾಗಿ ‘ಈ ಪದ ಯಾವ ಪ್ರತ್ಯಯಗಳನ್ನು ತಾಳುತ್ತದೆ, ವಾಕ್ಯವನ್ನು ಮುಗಿಸುತ್ತದೆಯೇ?’ ಎಂದು ಕೇಳಿದಾಗ ವಿದ್ಯಾರ್ಥಿಯು ಲಕ್ಷಣವನ್ನು ಕಂಠಪಾಠ ಮಾಡುವುದನ್ನು ಬಿಟ್ಟು ಭಾಷೆಯನ್ನೇ ಗಮನಿಸತೊಡಗುತ್ತಾನೆ.