ಕೊಳವೆ ಬಾವಿ ಕೊರೆಯುವ ಗುತ್ತಿಗೆದಾರರೂ ಅವರ ನೋಂದಣಿಯೂ

ಮೂಡುಬಿದಿರೆಯ ಸುತ್ತುಮುತ್ತಲಿನ ಗ್ರಾಮಗಳಲ್ಲಿ ಸುಗ್ಗಿ ತಿಂಗಳು ಕಳೆಯುವಷ್ಟರೊಳಗೆ ಅಡಿಕೆ ತೋಟದ ಬಾವಿಗಳು ತಳ ಕಾಣುವುದು ಹೊಸ ಸಂಗತಿಯಲ್ಲ. ವರ್ಷಕ್ಕೆ ಹೆಚ್ಚು ಕಡಿಮೆ 4,000 ಮಿಲಿಮೀಟರು ಮಳೆ ಬೀಳುವ ಸೀಮೆಯಾದರೂ ಮುರಕಲ್ಲು ಆ ನೀರನ್ನು ಬಹುಕಾಲ ಹಿಡಿದಿಡಲಾರದು. ಆಗ ಜಮೀನುದಾರರು ಕೊರೆಯುವ ಯಂತ್ರದವರನ್ನು ಕರೆಸುವರು. ಆ ಯಂತ್ರದವರ ಕೈಯಲ್ಲಿ ಯಾವ ಕಾಗದವಿರಬೇಕು, ತಾವು ಯಾರಿಗೆ ತಿಳಿವಳಿಕೆ ಕೊಡಬೇಕು ಎಂದು ವಿಚಾರಿಸುವವರು ಮಾತ್ರ ವಿರಳ.

ಸರ್ವೋಚ್ಚ ನ್ಯಾಯಾಲಯವು 2010ನೆಯ ಇಸವಿ ಫೆಬ್ರವರಿ 11ರಂದು ವಿಧಿಸಿ, ಆಗಸ್ಟ್ 6ರಂದು ತಿದ್ದಿದ ನಿಯಮಗಳ ಮೇರೆಗೆ, ಕೊರೆಯುವ ಸಂಸ್ಥೆಯು ಸರಕಾರದ್ದಾಗಲಿ ಖಾಸಗಿಯದಾಗಲಿ ಜಿಲ್ಲಾ ಆಡಳಿತದಲ್ಲಿ ನೋಂದಾಯಿಸಿಕೊಂಡಿರತಕ್ಕದ್ದು. ಕರ್ನಾಟಕದ 2011ನೆಯ ಅಂತರ್ಜಲ ಅಧಿನಿಯಮವೂ ಯಂತ್ರದ ಮಾಲಿಕರಿಗೆ ನೋಂದಣಿಯನ್ನು ಕಡ್ಡಾಯಪಡಿಸಿದೆ. ಜಮೀನುದಾರರಾದರೋ ಕೆಲಸಕ್ಕೆ 15 ದಿನ ಮುಂಚಿತವಾಗಿ ಲಿಖಿತ ತಿಳಿವಳಿಕೆಯನ್ನು ಅಧಿಕಾರಿಗಳಿಗೆ ಕೊಡಬೇಕು; ಅದನ್ನು ಸ್ವೀಕರಿಸುವವರ ಸಾಲಿನಲ್ಲಿ ಗ್ರಾಮದ ಮುಖಂಡರೂ ಇದ್ದಾರೆ. ಆದುದರಿಂದ ಪಂಚಾಯತಿಯವರು "ಇದು ನಮಗೆ ಸಂಬಂಧಿಸಿದ್ದಲ್ಲ" ಎಂದು ಕೈತೊಳೆದುಕೊಳ್ಳುವಂತಿಲ್ಲ. ಊರಿನ ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೆಗೆಯಕೂಡದೆಂಬ 1999ರ ಅಧಿನಿಯಮವೂ ಉಂಟು.

ನಮ್ಮ ಕಡೆಗೆ ತಮಿಳುನಾಡಿನ ತಿರುಚೆಂಗೋಡಿನ ಯಂತ್ರಗಳೂ ಬರುವುವು. ಅವರು ಕೆಲಸ ಬಲ್ಲವರೇ. ಆದರೆ ಏನಾದರೂ ಕೆಟ್ಟರೆ ಮುಂದಿನ ವಾರ ಅವರನ್ನು ಎಲ್ಲಿ ಹುಡುಕುವುದು? "ಕಾಗದವೆಲ್ಲ ಉಂಟು" ಎಂಬ ಬಾಯಿಮಾತು ಸಾಲದು. ನೋಂದಣಿ ಪತ್ರವನ್ನು ಓದಿ, ಅದರ ಸಂಖ್ಯೆಯನ್ನೂ ವಿಳಾಸವನ್ನೂ ಕರಾರಿನಲ್ಲಿ ಬರೆಯಿಸಿ ರುಜು ಪಡೆಯತಕ್ಕದ್ದು. ಕೆಲಸ ನಡೆಯುವ ಸ್ಥಳದಲ್ಲಿ ಗುತ್ತಿಗೆದಾರರ ಮತ್ತು ಜಮೀನಿನ ಮಾಲಿಕರ ವಿಳಾಸವಿರುವ ಫಲಕವನ್ನೂ ಸುತ್ತಲೂ ಮುಳ್ಳುತಂತಿಯ ಬೇಲಿಯನ್ನೂ ನಿಲ್ಲಿಸಬೇಕು.

ಕರಾರಿನಲ್ಲಿ ಕೇಸಿಂಗ್ ಕೊಳವೆಯ ವಿಚಾರವನ್ನು ಮರೆಯಬಾರದು. ಇಲ್ಲಿ ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣೂ ಅದರಡಿಯಲ್ಲಿ ಗಟ್ಟಿ ಬಂಡೆಯೂ ಇರುವುವು. ಕೊಳವೆಯನ್ನು ಬಂಡೆಯಲ್ಲಿ ಊರಿಸದೆ ಶೇಡಿಯಲ್ಲಿಯೇ ನಿಲ್ಲಿಸಿದರೆ ಮಣ್ಣು ಕುಸಿದು ನೀರು ಕದಡುವುದು. ಆ ಬಳಿಕ ನೀರು ಶೋಧಿಸುವ ಯಂತ್ರ ಮಾರುವವರು ಬರುವರು! ಕಬ್ಬಿಣದ ಅಂಶದಿಂದ ನೀರು ಕೆಂಪಾಗುವುದು ಬೇರೆ ಮಾತು. ಅದಕ್ಕೆ ಶೋಧಕ ಬೇಕಾಗಬಹುದು. ಯಾವುದೆಂಬುದು ಪ್ರಯೋಗಾಲಯದ ಪರೀಕ್ಷೆಯಿಂದ ತಿಳಿಯಬೇಕೇ ಹೊರತು ಮಾರುವವರ ಮಾತಿನಿಂದಲ್ಲ.

ನೀರು ಸಿಕ್ಕದ ಬಾವಿಯ ವಿಷಯ ಎಲ್ಲಕ್ಕಿಂತ ಗಂಭೀರವಾದುದು. ಒಂದು ತೋಟದಲ್ಲಿ ನಾನು ಕೊಳೆರೋಗ ನೋಡುತ್ತ ನಡೆಯುತ್ತಿದ್ದಾಗ ಯಜಮಾನರು ತಟ್ಟನೆ ನನ್ನ ತೋಳು ಹಿಡಿದೆಳೆದರು. ಮುಂದಿನ ಹೆಜ್ಜೆಯಲ್ಲಿ ಒಂದು ಅಡಿಕೆ ಹಾಳೆ. ಅದರಡಿಯಲ್ಲಿ 300 ಅಡಿಯ ತೂತು. "ಮೂರು ವರ್ಷವಾಯಿತು ಸ್ವಾಮೀ, ಯಾರೂ ಬೀಳಲಿಲ್ಲ" ಎಂದರು. ಅವರ ಮೊಮ್ಮಗಳು ಅಲ್ಲಿಯೇ ಬಿದ್ದ ಅಡಿಕೆ ಹೆಕ್ಕುತ್ತಿದ್ದಳು. 2017ರ ಏಪ್ರಿಲಿನಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಹೀಗೆ ಬಿದ್ದ ಬಾಲಿಕೆ ಬದುಕಲಿಲ್ಲ. 2024ರ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣದ ಶಿಶುವನ್ನು ಸುಮಾರು 20 ಗಂಟೆಗಳ ಬಳಿಕ ಜೀವಸಹಿತ ಮೇಲೆತ್ತಿದರು. ಅದೇ ವರ್ಷ ಡಿಸೆಂಬರಿನಲ್ಲಿ ವಿಧಾನಮಂಡಲವು ಅಧಿನಿಯಮವನ್ನು ತಿದ್ದಿ, ಇಂತಹ ಬಾವಿಯನ್ನು ಮುಚ್ಚದವರಿಗೆ ಶಿಕ್ಷೆಯನ್ನು ಬಿಗಿಗೊಳಿಸಿತು.

ನೀರು ಸಿಕ್ಕಿದ ಬಾವಿಯ ಬಾಯಿಗೆ ಉಕ್ಕಿನ ತಗಡನ್ನು ಬೆಸೆಯಿಸಬೇಕು, ಅಥವಾ ಬೋಲ್ಟು ಬಿಗಿದ ಬಲವಾದ ಮುಚ್ಚಳವನ್ನು ಹಾಕಬೇಕು. ಪಂಪು ರಿಪೇರಿಗೆ ಹೋದ ದಿನವೂ ಬಾಯಿ ತೆರೆದಿರಕೂಡದು. ಬತ್ತಿದ್ದನ್ನು ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲುಗಳಿಂದ ತುಂಬತಕ್ಕದ್ದು. ಆರೂವರೆ ಇಂಚು ಅಗಲದ 300 ಅಡಿ ಬಾವಿಗೆ ಬೇಕಾಗುವುದು ಸುಮಾರು 70 ಘನ ಅಡಿ ಮಾತ್ರ. ಕೊರೆದಾಗ ಮೇಲೆ ಬಂದ ಪುಡಿಯನ್ನೂ ಇದಕ್ಕೆ ಉಪಯೋಗಿಸಬಹುದು. ಗುತ್ತಿಗೆದಾರರ ಕೊನೆಯ ಕಂತನ್ನು ಈ ಕೆಲಸ ಮುಗಿಯುವವರೆಗೆ ಹಿಡಿದಿಡುವುದು ಲೇಸು. ಮೇಲೆ ಹೇಳಿದ ಯಜಮಾನರು ಮರುದಿನವೇ ಇಬ್ಬರು ಆಳುಗಳನ್ನು ಹಚ್ಚಿ ಸಂಜೆಯೊಳಗೆ ತೂತನ್ನು ತುಂಬಿಸಿದರು.