ಗಾಳಿ ಹಾಕಿಕೊಟ್ಟ ದಾರಿ

ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ಗೋಳದ ಮೇಲೆ ದಾರ ಹಿಡಿದು ಅಳೆದರೆ ಸುಮಾರು 12,400 ಕಿ.ಮೀ. ಆದರೆ ಎಷ್ಟು ಹೊತ್ತಿನ ಪ್ರಯಾಣ ಎಂಬುದಕ್ಕೆ ಈ ಅಂಕಿ ಉತ್ತರವಾಗದು. ಏರ್ ಇಂಡಿಯಾದ ವಿಮಾನ ಮೊದಲು ಅಟ್ಲಾಂಟಿಕ್ ದಾಟಿ ಸುಮಾರು 13,900 ಕಿ.ಮೀ. ಹಾರಿ ಅಲ್ಲಿಗೆ ಹೋಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೆಸಿಫಿಕ್ ಸಾಗರದ ಕಡೆಗೆ ತಿರುಗಿಸಿದರು. ದಾರಿ 15,300 ಕಿ.ಮೀ.ಗೆ ಬೆಳೆಯಿತು, ಪ್ರಯಾಣದ ಸಮಯ ಸುಮಾರು ಎರಡು ಗಂಟೆ ಕುಗ್ಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಇದರಲ್ಲಿ ಮಾಯೆಯೇನೂ ಇಲ್ಲ. ವಿಮಾನ ಈಜುವುದು ಗಾಳಿಯೊಳಗೆ, ಆ ಗಾಳಿಯೂ ಸುಮ್ಮನೆ ನಿಂತಿರುವುದಿಲ್ಲ. ಹೊಳೆಯ ಸೆಳವಿನ ಜೊತೆ ಸಾಗುವ ದೋಣಿಗೂ ಸೆಳವಿಗೆ ಎದುರಾಗಿ ಹುಟ್ಟುಹಾಕುವ ದೋಣಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ನೆಲದಿಂದ ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ನದಿಗಳಿವೆ. ಜೆಟ್ ಸ್ಟ್ರೀಮ್ ಎಂದು ಕರೆಯುವುದು ಇವನ್ನೇ. ಚಳಿಗಾಲದಲ್ಲಿ ಇವುಗಳ ವೇಗ ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ಮೀರುತ್ತದೆ. ಜಪಾನಿನ ಹವಾಮಾನ ವಿಜ್ಞಾನಿ ಓಯಿಶಿ ವಸಾಬುರೊ 1920ರ ದಶಕದಲ್ಲೇ ಬಲೂನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲೆಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಓದುವವರು ಸಿಗದೆ ಅಷ್ಟು ದೊಡ್ಡ ಶೋಧ ಮೂಲೆಗೆ ಬಿದ್ದದ್ದು ನೆನೆದರೆ ಸಂಕಟವಾಗುತ್ತದೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯೊಂದು ಈ ಪ್ರವಾಹಕ್ಕೆ ಬಲ ತುಂಬಿದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಸಾಮಾನ್ಯ ದಿನಗಳಲ್ಲಿ ಆರು ಗಂಟೆಗೂ ಹೆಚ್ಚು ಬೇಕು.

ಇದೆಲ್ಲ ಭೂಮಿ ತಿರುಗುವುದರ ಫಲವಲ್ಲವೇ, ಹಾಗಿದ್ದರೆ ಪಶ್ಚಿಮಕ್ಕೆ ಹಾರುವ ವಿಮಾನದ ಕಡೆಗೆ ಊರೇ ತಿರುಗಿ ಬರಬೇಕಲ್ಲ ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ಆದರೆ ಭೂಮಿಯ ಜೊತೆ ಅದರ ವಾತಾವರಣವೂ ತಿರುಗುತ್ತದೆ, ನೆಲ ಬಿಟ್ಟೇಳುವ ವಿಮಾನದಲ್ಲೂ ಆ ವೇಗ ಮೊದಲೇ ಸೇರಿರುತ್ತದೆ. ಓಡುವ ರೈಲಿನೊಳಗೆ ಮೇಲೆ ಎಸೆದ ಚೆಂಡು ಎಸೆದವರ ಕೈಗೇ ಬೀಳುವುದಿಲ್ಲವೇ? ತಿರುಗುವಿಕೆಯ ಪಾತ್ರ ಬೇರೆ: ಸಮಭಾಜಕದಿಂದ ಧ್ರುವದತ್ತ ಹೊರಟ ಗಾಳಿಯನ್ನು ಅದು ಪೂರ್ವಕ್ಕೆ ಬಾಗಿಸುತ್ತದೆ.

ಹೋಗುವಾಗ ಗಳಿಸಿದ್ದನ್ನು ಬರುವಾಗ ತೆತ್ತರೆ ಲೆಕ್ಕ ಸರಿಹೋಗುತ್ತದಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಲೆಕ್ಕ ಹಾಕಿಯೇ ನೋಡೋಣ. ದೂರ 9,000 ಕಿ.ಮೀ., ವಿಮಾನದ ವೇಗ ಗಂಟೆಗೆ 900, ಗಾಳಿಯ ವೇಗ 100 ಎಂದಿಟ್ಟುಕೊಳ್ಳಿ. ಗಾಳಿಯ ಜೊತೆ ಹೋಗಲು 9 ಗಂಟೆ, ಎದುರಾಗಿ ಬರಲು ಹನ್ನೊಂದೂಕಾಲು ಗಂಟೆ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 20 ಗಂಟೆ ಸಾಕಿತ್ತು, ಈಗ ಕಾಲು ಗಂಟೆ ಹೆಚ್ಚಾಯಿತು. ಎದುರುಗಾಳಿಯಲ್ಲಿ ವಿಮಾನ ಕಳೆಯುವ ಹೊತ್ತೇ ಹೆಚ್ಚು, ಆದ್ದರಿಂದ ನಷ್ಟವೂ ಹೆಚ್ಚು. ಅದಕ್ಕೇ ಸಂಸ್ಥೆಗಳು ಪ್ರತಿದಿನ ಗಾಳಿಯ ಮುನ್ಸೂಚನೆ ನೋಡಿ ಹಾದಿ ಗುರುತಿಸುತ್ತವೆ. ಎದುರುಗಾಳಿಯ ದಿನ ಟ್ಯಾಂಕಿಗೆ ಹೆಚ್ಚು ಇಂಧನ ತುಂಬಬೇಕು, ಹೀಗೆ ತುಂಬಿದ ಇಂಧನದ ಭಾರ ಹೊರಲು ಮತ್ತಷ್ಟು ಇಂಧನ ಸುಡಬೇಕು.