ಸೆಪ್ಟೆಂಬರಿನಲ್ಲಿ ಆನ್ ಆರ್ಬರ್

ಆನ್ ಆರ್ಬರ್ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹ್ಯೂರನ್ ನದಿಯ ದಂಡೆಗಿರುವ ಊರು. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ 1.24 ಲಕ್ಷದ ಆಸುಪಾಸು. ಹಳೆಯ ಬಿಬಿಎಂಪಿಯ ಮೂರು ವಾರ್ಡುಗಳ ಜನ ಎಂದರೆ ಜಯನಗರದವರಿಗೆ ಅಂದಾಜು ಸಿಕ್ಕೀತು. ಮಿಷಿಗನ್ ವಿಶ್ವವಿದ್ಯಾಲಯ 1817ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿ 1837ರಲ್ಲಿ ಈ ಊರಿಗೆ ಬಂತು. ಅಲ್ಲಿಂದೀಚೆಗೆ ಊರು ಬೆಳೆದದ್ದೆಲ್ಲ ಅದರ ಸುತ್ತಲೇ. ಧಾರವಾಡವನ್ನು ಬಲ್ಲವರಿಗೆ ಈ ಬಗೆ ಹೊಸದಲ್ಲ: ಕಾಲೇಜು ಶುರುವಾದರೆ ಪೇಟೆಗೆ ಜೀವ, ರಜೆ ಬಿದ್ದರೆ ಖಾನಾವಳಿಗಳು ಬಣಬಣ. ಅಮೆರಿಕದ ಇಂಥ ಊರುಗಳ ಜೊತೆ ಕನ್ನಡಿಗರ ನಂಟೂ ಹಳೆಯದೇ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಭಾಷಾವಿಜ್ಞಾನ ಓದಲು ಹೋದದ್ದು ಇಂಡಿಯಾನಾ ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್‌ಟನ್‌ಗೆ. ಈಗ ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ನ ಎಷ್ಟೋ ಮನೆಗಳ ಮಕ್ಕಳು ಎಂ.ಎಸ್. ಓದುತ್ತಿರುವುದು ನ್ಯೂಯಾರ್ಕಿನಲ್ಲಲ್ಲ, ಇಂಥ ನಡುಗಾತ್ರದ ಊರುಗಳಲ್ಲಿ. ಅವರನ್ನು ನೋಡಿಬರಲು ಹೊರಡುವ ಅಪ್ಪ ಅಮ್ಮಂದಿರ ಯೋಜನೆಯೂ ಆ ಊರಿಗೆ ತಕ್ಕಂತೆ ಇರಬೇಕಾಗುತ್ತದೆ.

ಯಾವ ತಿಂಗಳು ಎಂಬುದನ್ನು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಬೆಂಗಳೂರಿನ ಲೆಕ್ಕದಲ್ಲಿ ಬೇಸಿಗೆ ರಜೆಯೇ ಪ್ರಯಾಣದ ಕಾಲ. ಆದರೆ ಅಲ್ಲಿ ಬೇಸಿಗೆಯಲ್ಲಿ ವಿದ್ಯಾರ್ಥಿ ಇಂಟರ್ನ್‌ಶಿಪ್ಪಿಗೆಂದು ಬೇರೆ ಯಾವುದೋ ರಾಜ್ಯದಲ್ಲಿರುತ್ತಾನೆ. ಡಿಸೆಂಬರಿನಿಂದ ಮುಂದೆ ಹಿಮ. ಉಳಿದದ್ದರಲ್ಲಿ ಸೆಪ್ಟೆಂಬರ್ ಹೇಳಿ ಮಾಡಿಸಿದ್ದು: ಹಗಲು 23 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ 12ರ ಹತ್ತಿರ. ಬೆಂಗಳೂರಿನ ಡಿಸೆಂಬರಿಗಿಂತ ಒಂದು ಸ್ವೆಟರ್ ಹೆಚ್ಚು, ಅಷ್ಟೆ. ಆಗಸ್ಟ್ ಕೊನೆಯ ವಾರ ತರಗತಿ ಆರಂಭವಾಗುತ್ತದೆ, ಬಾಡಿಗೆ ಕರಾರುಗಳು ಬದಲಾಗುವುದೂ ಅದೇ ಹೊತ್ತಿಗೆ. ಮಗ ಮಂಚ ಜೋಡಿಸುತ್ತಿರುವಾಗ ಹೋಗಿ ನಿಲ್ಲುವುದಕ್ಕಿಂತ, ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ಕಳೆದ ಮೇಲೆ ಇಳಿಯುವುದು ಒಳ್ಳೆಯದು.

ಆದರೆ ಗೋಡೆಯ ಪಂಚಾಂಗವೂ ಇದೆ. ಗೌರಿ ಗಣೇಶ ಮುಗಿಯದೆ ಮನೆಗೆ ಬೀಗ ಹಾಕಲು ಮನಸ್ಸೊಪ್ಪದು. ಅದಾದ ಮೇಲೆ ಪಿತೃಪಕ್ಷ. ಮಹಾಲಯ ಅಮಾವಾಸ್ಯೆಯ ತರ್ಪಣ ಬಿಡಲಾಗದವರಿಗೆ ಅದು ದಾಟಲೇಬೇಕು. ದಾಟಿದರೆ ನವರಾತ್ರಿ, ಗೊಂಬೆ ಕೂರಿಸುವ ಮನೆಯಾದರೆ ಇನ್ನೂ ಹತ್ತು ದಿನ. ಅಧಿಕಮಾಸ ಬಂದ ವರ್ಷ ಇವೆಲ್ಲ ಮುಂದೆ ಸರಿಯುವುದರಿಂದ, ಟಿಕೆಟ್ ತೆಗೆಸುವ ಮುನ್ನ ಆ ವರ್ಷದ ಪಂಚಾಂಗ ತೆರೆಯದೆ ಗತ್ಯಂತರವಿಲ್ಲ.

ಇವೆರಡರ ಮೇಲೆ ಮೂರನೆಯ ಕ್ಯಾಲೆಂಡರೊಂದಿದೆ. ಬೆಂಗಳೂರಿನವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಫುಟ್‌ಬಾಲ್. ಕಾಲಿನಿಂದ ಒದೆಯುವ ಆಟವಲ್ಲ, ಹೆಲ್ಮೆಟ್ ತೊಟ್ಟು ಡಿಕ್ಕಿ ಹೊಡೆಯುವ ಅಮೆರಿಕನ್ ಆಟ. 1927ರಲ್ಲಿ ಕಟ್ಟಿದ ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಚಿನ್ನಸ್ವಾಮಿ ಕ್ರೀಡಾಂಗಣದ ಎರಡೂವರೆ ಪಟ್ಟಿಗೂ ಮಿಕ್ಕು. ಹೆಚ್ಚುಕಡಿಮೆ ಇಡೀ ಊರೇ ಹಿಡಿಸುವಷ್ಟು. ವಿಶ್ವವಿದ್ಯಾಲಯದ ತಂಡಕ್ಕೆ ತವರಿನ ಪಂದ್ಯವಿರುವ ಶನಿವಾರ ಹೋಟೆಲ್ ಕೋಣೆಯ ಬಾಡಿಗೆ ಹಲವು ಪಟ್ಟು ಏರುತ್ತದೆ, ಎರಡು ರಾತ್ರಿಗೆ ಕಡಿಮೆಯಾದರೆ ಕೊಡುವುದಿಲ್ಲ ಎನ್ನುವವರೂ ಇದ್ದಾರೆ. ಪಂದ್ಯಗಳ ಪಟ್ಟಿ ಬಹಳ ಮುಂಚೆಯೇ ಹೊರಬೀಳುತ್ತದೆ. ತಂಡ ಹೊರಊರಿನಲ್ಲಿ ಆಡುವ ವಾರಾಂತ್ಯ ಹುಡುಕಿ ಕೋಣೆ ಕಾದಿರಿಸುವುದೇ ಜಾಣತನ. ಟಿಕೆಟ್ ಕೊಳ್ಳದಿದ್ದರೂ ಒಂದು ಪಂದ್ಯದ ಬೆಳಿಗ್ಗೆ ಊರಿನಲ್ಲಿರುವುದು ಚೆಂದ ಎಂಬುದೂ ನಿಜ: ಹಳದಿ ನೀಲಿ ಅಂಗಿ ತೊಟ್ಟ ಜನ ಬೀದಿ ತುಂಬ ಹೋಗುವುದನ್ನು ನೋಡಿದರೆ ಕಡಲೆಕಾಯಿ ಪರಿಷೆಯ ದಿನದ ಬಸವನಗುಡಿ ನೆನಪಾದೀತು.

ಇಷ್ಟೆಲ್ಲ ಲೆಕ್ಕ ಹಾಕಿದರೂ ಎಲ್ಲಕ್ಕಿಂತ ಮೊದಲು ಬರುವುದು ವೀಸಾ. ಅಪ್ಪ ಅಮ್ಮ ಹೋಗುವುದು ಬಿ1/ಬಿ2 ವೀಸಾದಲ್ಲಿ. ಡಿಎಸ್-160 ಅರ್ಜಿ ತುಂಬಿ ಶುಲ್ಕ ಕಟ್ಟಬೇಕು. ಅದು 2023ರ ಜೂನ್‌ನಲ್ಲಿ 185 ಡಾಲರಿಗೆ ಏರಿತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿ 17ರಂದು; ವೀಸಾ ಸೇವೆ ಅಂದೇ ಆರಂಭವಾಗಲಿಲ್ಲ. ಹಾಗಾಗಿ ದಕ್ಷಿಣ ಬೆಂಗಳೂರಿನವರ ಮಟ್ಟಿಗೆ ವೀಸಾ ಎಂದರೆ ಅದರ ನಂತರವೂ ಚೆನ್ನೈಯೇ ಆಗಿತ್ತು: ಶತಾಬ್ದಿ ರೈಲು, ಒಂದು ದಿನ ಬೆರಳಚ್ಚು ಮತ್ತು ಫೋಟೊ, ಮರುದಿನ ಜೆಮಿನಿ ವೃತ್ತದ ಕಾನ್ಸುಲೇಟ್ ಮುಂದೆ ಸಾಲು, ಗಾಜಿನ ಕಿಟಕಿಯಾಚೆಯಿಂದ ಕೆಲವೇ ನಿಮಿಷದ ಪ್ರಶ್ನೆ. ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾದದ್ದುಂಟು. ಸೆಪ್ಟೆಂಬರಿನ ಪ್ರಯಾಣಕ್ಕೆ ಹಿಂದಿನ ದೀಪಾವಳಿಯ ಹೊತ್ತಿಗೇ ಅರ್ಜಿ ಹಾಕಿದವರು ನಿಶ್ಚಿಂತೆಯಿಂದಿರುತ್ತಾರೆ. ಭಾರತೀಯರಿಗೆ ಈ ವೀಸಾ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಿಗುತ್ತದೆ. ನಡುವೆ ಪಾಸ್‌ಪೋರ್ಟ್ ಅವಧಿ ಮುಗಿದರೂ ಹಳೆಯದರಲ್ಲಿರುವ ವೀಸಾ ನಡೆಯುತ್ತದೆ. ಹಳತು ಹೊಸತು ಎರಡನ್ನೂ ಜೊತೆಗಿಟ್ಟುಕೊಳ್ಳಬೇಕು. ಆದರೆ ವೀಸಾ ಹತ್ತು ವರ್ಷದ್ದೆಂದ ಮಾತ್ರಕ್ಕೆ ಅಲ್ಲಿ ಹತ್ತು ವರ್ಷ ಇರಬಹುದೆಂದಲ್ಲ. ಎಷ್ಟು ದಿನ ಇರಬಹುದೆಂಬುದನ್ನು ಇಳಿದ ವಿಮಾನ ನಿಲ್ದಾಣದ ಅಧಿಕಾರಿ ಹೇಳುತ್ತಾರೆ, ಹೆಚ್ಚಾಗಿ ಆರು ತಿಂಗಳು.

ಬೆಂಗಳೂರಿನಿಂದ ಡೆಟ್ರಾಯಿಟ್‌ಗೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್, ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಮ್ಮೆ ಬದಲಿಸಿದರೆ ಸಾಕು. ಅಮೆರಿಕದೊಳಗೇ ಬದಲಿಸುವ ಟಿಕೆಟ್ ಕೆಲವೊಮ್ಮೆ ಅಗ್ಗವಾಗಿ ಸಿಗುತ್ತದೆ, ಆದರೆ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಮತ್ತೆ ಒಪ್ಪಿಸಿ ಓಡಬೇಕು. ಅರವತ್ತು ದಾಟಿದವರಿಗೆ ಆ ಉಳಿತಾಯ ಬೇಡ. ಮಂಡಿನೋವಿದ್ದವರು ಟಿಕೆಟ್ ತೆಗೆಸುವಾಗಲೇ ವ್ಹೀಲ್‌ಚೇರ್ ಕೇಳಿಕೊಳ್ಳಬಹುದು. ಅದಕ್ಕೆ ಪ್ರತ್ಯೇಕ ಹಣವಿಲ್ಲ. ಡೆಟ್ರಾಯಿಟ್ ವಿಮಾನ ನಿಲ್ದಾಣದಿಂದ ಆನ್ ಆರ್ಬರ್ ಸುಮಾರು 40 ಕಿ.ಮೀ., ಬನಶಂಕರಿಯಿಂದ ದೇವನಹಳ್ಳಿಗೆ ಹೋದಷ್ಟೇ. ಹಿಡಿಯುವ ಹೊತ್ತು ಮಾತ್ರ ಅದರ ಅರ್ಧ.

ಪೆಟ್ಟಿಗೆ ಕಟ್ಟುವುದು ಈ ಪ್ರಯಾಣದ ನಿಜವಾದ ಹಬ್ಬ. ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿಯ ಹುರಿಗಾಳು, ಹಪ್ಪಳ, ಮನೆಯಲ್ಲೇ ಕುಟ್ಟಿಸಿದ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಹಾಸಿಗೆಯ ಮೇಲೆ ಹರಡುತ್ತವೆ. ಒಂದೊಂದು ಪೊಟ್ಟಣವೂ ಎರಡು ಜಿಪ್ ಕವರಿನೊಳಗೆ, ಅದರ ಮೇಲೊಂದು ಸುತ್ತು ಅಂಟುಪಟ್ಟಿ. ಪೆಟ್ಟಿಗೆಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎತ್ತಿದಾಗ 24.2 ಎಂದು ತೋರಿದರೆ ಮೊದಲು ಹೊರಬೀಳುವುದು ಅಪ್ಪನ ಉಲ್ಲನ್ ಕೋಟು, ಕೊಡುಬಳೆಯಲ್ಲ. ಒಂದು ಪೆಟ್ಟಿಗೆಗೆ 23 ಕಿಲೊ ಎಂಬುದು ಸಾಮಾನ್ಯ ಮಿತಿ. ಪೆಟ್ಟಿಗೆ ಎಷ್ಟು ಎಂಬುದನ್ನು ಟಿಕೆಟ್ಟಿನಲ್ಲೇ ನೋಡಿಕೊಳ್ಳಬೇಕು.

ಕೆಲವು ನಿಯಮಗಳು ಅಡುಗೆಮನೆಗೇ ಕೈಹಾಕುತ್ತವೆ. 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಸುಮಾರು 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಹೆಚ್ಚುವರಿ ತಪಾಸಣೆ. ಅನುಮಾನ ಬಗೆಹರಿಯದಿದ್ದರೆ ಅಲ್ಲೇ ಬಿಡಬೇಕು. ಆದ್ದರಿಂದ ಪುಡಿಗಳೆಲ್ಲ ಲಗೇಜಿಗೆ ಹಾಕುವ ಪೆಟ್ಟಿಗೆಗೇ. ಕೊಬ್ಬರಿ ಗಿಟುಕನ್ನು ಆ ಪೆಟ್ಟಿಗೆಯಲ್ಲೂ ಇಡುವಂತಿಲ್ಲ: ಎಣ್ಣೆಯಂಶದಿಂದ ತಾನೇ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ಇನ್ನು ಕರಿಬೇವು. ಕಿತ್ತಳೆ, ನಿಂಬೆ ಗಿಡಗಳನ್ನು ಹಾಳುಮಾಡುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವ ಪುಟ್ಟ ಕೀಟ ಕರಿಬೇವಿನ ಗಿಡದಲ್ಲೂ ಬದುಕುತ್ತದೆ. ಫ್ಲಾರಿಡಾದ ಕಿತ್ತಳೆ ತೋಟಗಳು ಈ ರೋಗಕ್ಕೆ ತತ್ತರಿಸಿವೆ. ಹಿತ್ತಿಲಿನ ಒಂದು ಎಸಳು ಕರಿಬೇವಿಗೆ ಅಲ್ಲಿ ಇಷ್ಟು ಕಟ್ಟುನಿಟ್ಟು ಏಕೆಂಬುದಕ್ಕೆ ಇದೇ ಕಾರಣ. ತಾಜಾ ಹಣ್ಣಿಗೂ ಪ್ರವೇಶವಿಲ್ಲ. ಆಹಾರ ಪದಾರ್ಥ ಇದೆಯೇ ಎಂದು ಕೇಳಿದಾಗ ಇದೆ ಎಂದುಬಿಡುವುದು ಕ್ಷೇಮ: ಹೇಳಿದ್ದು ಒಪ್ಪಿಗೆಯಾಗದಿದ್ದರೆ ತೆಗೆದಿಟ್ಟುಕೊಳ್ಳುತ್ತಾರೆ, ಬಚ್ಚಿಟ್ಟದ್ದು ಸಿಕ್ಕರೆ ದಂಡ. ಬಿ.ಪಿ., ಸಕ್ಕರೆಯ ಮಾತ್ರೆಗಳು ಮಾತ್ರ ಚೀಟಿಯ ಸಮೇತ ಕೈಚೀಲದಲ್ಲೇ ಇರಬೇಕು. ಪ್ರಯಾಣ ವಿಮೆ ಮಾಡಿಸುವಾಗ ಮೊದಲೇ ಇರುವ ಕಾಯಿಲೆಗೆ ಎಷ್ಟು ಕೊಡುತ್ತಾರೆ ಎಂಬ ಒಂದು ಸಾಲನ್ನು ಓದದೆ ಸಹಿ ಮಾಡಬಾರದು.

ವಿದ್ಯಾರ್ಥಿಯ ಮನೆಯಲ್ಲಿ ರೂಮ್‌ಮೇಟ್‌ಗಳಿರುತ್ತಾರೆ. ಅತಿಥಿಗಳು ಎಷ್ಟು ದಿನ ಇರಬಹುದೆಂಬುದು ಕರಾರಿನಲ್ಲೇ ಬರೆದಿರುತ್ತದೆ. ನಾಲ್ಕು ದಿನಕ್ಕಿಂತ ಹೆಚ್ಚಾದರೆ ಅಡುಗೆಮನೆ ಇರುವ ಬಾಡಿಗೆ ಜಾಗವೇ ಸರಿ, ಅನ್ನ ಸಾರಿಲ್ಲದೆ ಊಟ ಸೇರದವರಿಗಂತೂ. ಅಲ್ಲಿನ ವಿದ್ಯುತ್ತು 120 ವೋಲ್ಟ್. ಇಲ್ಲಿನ 230 ವೋಲ್ಟಿನ ಮಿಕ್ಸಿ ಅಲ್ಲಿ ತೆಪ್ಪಗೆ ಕೂರುತ್ತದೆ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ಕ್ಷಣ ಚಾವಣಿಯ ಹೊಗೆ ಎಚ್ಚರಿಕೆ ಯಂತ್ರ ಕಿರುಚಿಕೊಳ್ಳುವುದು ಹೊಸಬರೆಲ್ಲರ ಅನುಭವ. ಎಕ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ತೆರೆದು, ಎಣ್ಣೆ ಹದವಾಗಿ ಕಾದಾಗಲೇ ಸಾಸಿವೆ ಹಾಕುವುದು ಇದಕ್ಕಿರುವ ಉಪಾಯ. ಬೇಳೆ, ಅಕ್ಕಿ, ಅಲ್ಲೇ ಬೆಳೆದ ಕರಿಬೇವು ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಹತ್ತಿರದ ನೋವೈ ಊರಿನಲ್ಲಿ ವೆಂಕಟೇಶ್ವರ ದೇವಸ್ಥಾನವಿದೆ. ಡೆಟ್ರಾಯಿಟ್ ಸುತ್ತಲಿನ ಕನ್ನಡಿಗರದ್ದೇ ಪಂಪ ಕನ್ನಡ ಕೂಟವಿದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2002ರ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಡೆಟ್ರಾಯಿಟ್‌ನಲ್ಲೇ.

ವಾರದ ದಿನಗಳಲ್ಲಿ ಮಗ ಅಥವಾ ಮಗಳು ತರಗತಿಯಲ್ಲಿ, ಪ್ರಯೋಗಾಲಯದಲ್ಲಿ. ಆ ಹೊತ್ತನ್ನು ತಾವೇ ಕಳೆಯುವಂತಿದ್ದರೆ ಮಾತ್ರ ಪ್ರವಾಸ ಸುಖ, ಅದಕ್ಕೆ ಈ ಊರು ಅನುಕೂಲವಾಗಿದೆ. ವಿಶ್ವವಿದ್ಯಾಲಯದ ನೀಲಿ ಬಸ್ಸುಗಳಿಗೆ ಟಿಕೆಟ್ಟಿಲ್ಲ. ಕಲಾ ಮ್ಯೂಸಿಯಂ, ಪ್ರಾಚೀನ ವಸ್ತುಗಳ ಕೆಲ್ಸಿ ಮ್ಯೂಸಿಯಂ ಎರಡೂ ಉಚಿತ. ಲಾಲ್‌ಬಾಗಿನಲ್ಲಿ ದಿನಾ ಎರಡು ಸುತ್ತು ಹಾಕುವವರಿಗೆ ನಿಕೋಲ್ಸ್ ಅರ್ಬೊರೇಟಂ ಇದೆ: 123 ಎಕರೆ, ಲಾಲ್‌ಬಾಗಿನ ಅರ್ಧದಷ್ಟು, ಆದರೆ ಏರಿಳಿತದ ಜಾಗ, ತಳದಲ್ಲಿ ಹರಿಯುವ ನದಿ. ಬುಧವಾರ, ಶನಿವಾರ ಕೆರಿಟೌನಿನಲ್ಲಿ ರೈತರ ಸಂತೆ. ಸೆಪ್ಟೆಂಬರ್ ಎಂದರೆ ಸೇಬಿನ ಸುಗ್ಗಿ. ಪಕ್ಕದ ಡೆಕ್ಸ್‌ಟರ್‌ನಲ್ಲಿ 1886ರಿಂದ ಇರುವ ಗಾಣದಲ್ಲಿ ಸೇಬು ಅರೆದು ತೆಗೆದ ರಸ, ಬಿಸಿ ಡೋನಟ್ ಸಿಗುತ್ತವೆ. ಅಲ್ಲಿ ಸೈಡರ್ ಎಂದರೆ ಸಾಮಾನ್ಯವಾಗಿ ಮದ್ಯವಲ್ಲ, ಸೋಸದ ಸೇಬಿನ ರಸ. ಡೋನಟ್‌ಗೆ ಮೊಟ್ಟೆ ಹಾಕಿದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು.

ಎಲೆ ಕೆಂಪಾಗುವುದನ್ನೇ ನೋಡಬೇಕೆಂದು ಹೊರಟವರಿಗೆ ಸೆಪ್ಟೆಂಬರ್ ತುಸು ಬೇಗ. ದಕ್ಷಿಣ ಮಿಷಿಗನ್ನಿನಲ್ಲಿ ಮೇಪಲ್ ಮರಗಳು ಪೂರ್ತಿ ಬಣ್ಣಕ್ಕೆ ತಿರುಗುವುದು ಅಕ್ಟೋಬರಿನ ಎರಡನೆಯ ಅರ್ಧದಲ್ಲಿ, ಆಗ ಹಗಲಿನ ಉಷ್ಣಾಂಶ 15 ಡಿಗ್ರಿಗೆ ಇಳಿದಿರುತ್ತದೆ; ತೂಕಕ್ಕೆ ಹೆದರಿ ತೆಗೆದಿಟ್ಟ ಉಲ್ಲನ್ ಕೋಟು ನೆನಪಾಗುವುದು ಆಗಲೇ. ಊರಿನಿಂದ ಬರುವ ಫೋನಿಗೂ ಒಂದು ಲೆಕ್ಕವಿದೆ: ಅಕ್ಟೋಬರ್ ಮುಗಿಯುವವರೆಗೆ ಜಯನಗರದಲ್ಲಿ ರಾತ್ರಿ ಎಂಟೂವರೆಯಾದಾಗ ಅಲ್ಲಿ ಬೆಳಿಗ್ಗೆ ಹನ್ನೊಂದು. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ; ಅಂದಿನಿಂದ ಅದೇ ಎಂಟೂವರೆಯ ಫೋನು ಅಲ್ಲಿ ಹತ್ತಕ್ಕೇ ಬಡಿದುಕೊಳ್ಳುತ್ತದೆ.